ಹನ್ನೆರಡು ಬಾಟಲಿಯ ಮರದ ಪೆಟ್ಟಿಗೆ

ಫ್ರಾನ್ಸಿನ ಬೋರ್ಡೋ ವೈನನ್ನು ಚೆನ್ನಾಗಿ ಅರಿಯಬೇಕಾದರೆ ಪೆಟ್ಟಿಗೆ ಲೆಕ್ಕದಲ್ಲೇ ಕೊಳ್ಳಬೇಕು ಎಂಬುದು ನನ್ನ ನಂಬಿಕೆ. ಹಲಗೆಯ ಮೇಲೆ ತೋಟದ ಹೆಸರನ್ನು ಸುಟ್ಟು ಮೂಡಿಸಿದ ಪೈನ್ ಮರದ ಪೆಟ್ಟಿಗೆ. ಒಳಗೆ 750 ಮಿಲಿಲೀಟರಿನ 12 ಬಾಟಲಿಗಳು. 225 ಲೀಟರಿನ ಒಂದು ಓಕ್ ಪೀಪಾಯಿಗೆ ಇಂಥ 25 ಪೆಟ್ಟಿಗೆ.

ಅಲ್ಲಿ ಹೆಸರಾಂತ ತೋಟಗಳ ವೈನು ಮಾರಾಟವಾಗುವುದು ಮುಂಗಡವಾಗಿ. ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ದರೆ ಮುಂದಿನ ವಸಂತದಲ್ಲೇ ವರ್ತಕರು, ವಿಮರ್ಶಕರು ಪೀಪಾಯಿಯ ಮಾದರಿಯನ್ನು ರುಚಿ ನೋಡುತ್ತಾರೆ. ಆಮೇಲೆ ದರ ಹೊರಬೀಳುತ್ತದೆ, ಹಣ ಕಟ್ಟಬೇಕು. ಪೆಟ್ಟಿಗೆ ಬರುವುದು ಸುಮಾರು ಎರಡು ವರ್ಷದ ಬಳಿಕ. ಅಷ್ಟರಲ್ಲಿ ಬೆಲೆ ಏರಲೇಬೇಕೆಂದೇನೂ ಇಲ್ಲ. ಲಾಭಕ್ಕಾಗಿ ಕೊಳ್ಳುವವರು ಇದನ್ನು ಮರೆಯಬಾರದು.

ಕುಡಿಯಲು ಕೊಂಡವರ ಸುಖವೇ ಬೇರೆ. ಕಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ಎಳೆಯ ವೈನು ನಾಲಗೆಗೆ ಎಳೆ ಬಾಳೆಕಾಯಿಯ ಹಾಗೆ ಒಗರು. ವರ್ಷಗಳು ಉರುಳಿದಂತೆ ಆ ಒಗರು ಕೊಡುವ ಟ್ಯಾನಿನ್ ಮೆದುವಾಗುತ್ತದೆ, ನೇರಳೆ ಛಾಯೆ ಇಟ್ಟಿಗೆಗೆಂಪಿಗೆ ತಿರುಗುತ್ತದೆ, ಹಣ್ಣಿನ ಕಂಪಿನ ಜಾಗಕ್ಕೆ ತಂಬಾಕು, ದೇವದಾರು, ಒದ್ದೆ ಮಣ್ಣಿನ ವಾಸನೆಗಳು ಬರುತ್ತವೆ. ವರ್ಷಕ್ಕೊಂದು ಬಾಟಲಿ ತೆರೆಯುತ್ತ ಹೋದರೆ ಈ ಬದಲಾವಣೆಯನ್ನೆಲ್ಲ ನಾಲಗೆಯೇ ಹೇಳುತ್ತದೆ. ಒಂದೇ ಬಾಟಲಿ ಕೊಂಡವರಿಗೆ ಕಾಣುವುದು ಅದರ ಒಂದು ದಿನ ಮಾತ್ರ. ಒಂದರ ಬಿರಡೆ ಕೆಟ್ಟು ವೈನಿಗೆ ಮುಗ್ಗಲು ವಾಸನೆ ಹತ್ತಿದರೂ ಉಳಿದವು ಇರುತ್ತವೆ.

12–13 ಡಿಗ್ರಿ ತಂಪಿನ ಕತ್ತಲ ಕೋಣೆಯಲ್ಲಿ, ಬಿರಡೆ ಒಣಗದಂತೆ ಬಾಟಲಿಗಳನ್ನು ಮಲಗಿಸಿಡಬೇಕು. ಈಗ ಅನೇಕ ತೋಟಗಳು ಆರರ ಪೆಟ್ಟಿಗೆ ಕಳಿಸುತ್ತಿವೆ. ಇಷ್ಟು ನಿಧಾನವಾಗಿ ಮಾಗುವ ವೈನಿಗೆ ಆರು ತೀರಾ ಕಡಿಮೆ.