ಹೆಸರು ಉಳಿಯಿತು, ಕೆಲಸ ಮರೆಯಾಯಿತು

ಸಾಧಕಿಯರ ಬಗ್ಗೆ ಬರೆಯುವವರಿಗೆ ಕನ್ನಡದಲ್ಲಿ ಇಂದು ಕೊರತೆಯೇನೂ ಇಲ್ಲ. ಮಾರ್ಚ್ ತಿಂಗಳು ಬಂತೆಂದರೆ ಪುರವಣಿಗಳು ಅವರಿಂದಲೇ ತುಂಬಿಹೋಗುತ್ತವೆ. ಶಾಲೆಯ ಭಾಷಣಕ್ಕೆ, ಸ್ಪರ್ಧಾತ್ಮಕ ಪರೀಕ್ಷೆಗೆ ‘ಪ್ರಥಮ ಮಹಿಳೆ’ಯರ ಪಟ್ಟಿಗಳು ಸಿದ್ಧವಿವೆ. ಹಾಗಾಗಿ ಮಹಿಳೆಯರ ಸಾಧನೆ ಕಡೆಗಣಿಸಲ್ಪಟ್ಟಿದೆ ಎಂಬ ದೂರು ಹಳತಾಯಿತು ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಈ ಬರಹಗಳನ್ನು ತುಸು ನಿಧಾನವಾಗಿ ಓದಿ ನೋಡಿ. ಅವುಗಳಲ್ಲಿ ಹೆಸರಿದೆ, ಕಷ್ಟವಿದೆ, ಪ್ರಶಸ್ತಿಯಿದೆ. ಆದರೆ ಆ ಹೆಣ್ಣುಮಗಳು ಮಾಡಿದ ಕೆಲಸವೊಂದೇ ಇಲ್ಲ!

ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಯಶವಂತಪುರದಿಂದ ಮೇಖ್ರಿ ವೃತ್ತದ ಕಡೆಗೆ ಬಂದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು, ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಕಮಲಾ ಹಟ ಹಿಡಿದರು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿ ಮೊದಲಾದ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಈ ಕಥೆಯನ್ನು ನಾವೆಲ್ಲ ಎಷ್ಟೋ ಬಾರಿ ಓದಿದ್ದೇವೆ. ಬಹುತೇಕ ಲೇಖನಗಳು ಇಲ್ಲಿಗೇ ಮುಗಿಯುತ್ತವೆ.

ಆಮೇಲೇನಾಯಿತು? ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ಬಡವನ ತಟ್ಟೆಗೆ ಬೀಳುವ ಬೇಳೆಯಲ್ಲಿ ಏನಿದೆ ಎಂಬುದು ಅವರ ಪ್ರಶ್ನೆ. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, ಜೀವಕೋಶದ ಉಸಿರಾಟದಲ್ಲಿ ಪಾಲ್ಗೊಳ್ಳುವ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳಲ್ಲೂ ಇದೆಯೆಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಪಡೆದರು, ಆ ಪ್ರಬಂಧ ಸುಮಾರು 40 ಪುಟಗಳದ್ದು. ಮುಂಬಯಿಗೆ ಮರಳಿದ ಮೇಲೆ ನೀರಾದ ಪೌಷ್ಟಿಕತೆಯ ಬಗ್ಗೆ ವರ್ಷಗಟ್ಟಲೆ ದುಡಿದರು. ಇದರಲ್ಲಿ ಎಷ್ಟು ನಮ್ಮ ಪುರವಣಿಗಳಿಗೆ ಬಂದಿದೆ? ‘ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಪ್ರಥಮ ಭಾರತೀಯ ಮಹಿಳೆ’ ಎಂಬ ಬಿರುದು ಮಾತ್ರ ಬಂದಿದೆ. ಅದೂ ಗಟ್ಟಿಯಲ್ಲ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲೇ ಡಿ.ಎಸ್ಸಿ. ಪಡೆದಿದ್ದರು. ‘ಪ್ರಥಮ’ ಎಂಬ ಒಂದೇ ಮೊಳೆಗೆ ಇಡೀ ಬದುಕನ್ನು ತೂಗುಹಾಕಿದರೆ, ಮೊಳೆ ಸಡಿಲವಾದ ದಿನ ಆ ಬದುಕೂ ಕೆಳಗೆ ಬೀಳುತ್ತದೆ.

ಈ ಬರಹಗಳಿಗೆ ಒಬ್ಬ ಖಳನಾಯಕನೂ ಬೇಕು. ರಾಮನ್ ಆ ಪಾತ್ರಕ್ಕೆ ಒದಗುತ್ತಾರೆ. ಅವರ ನಡೆಯನ್ನು ನಾವು ಸಮರ್ಥಿಸುತ್ತಿಲ್ಲ. ಅವಮಾನವನ್ನು ಮುಚ್ಚಿಡುವುದೂ ಅನ್ಯಾಯವೇ. ಆದರೆ ಅನ್ನಾ ಮಣಿಯವರ ಬದುಕನ್ನು ಈ ಚೌಕಟ್ಟಿನಲ್ಲಿ ಹೇಗೆ ಕೂರಿಸುವುದು? 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬಂದ ಅನ್ನಾ, ಅದೇ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಬೆಳಕಿನ ಅಧ್ಯಯನ ನಡೆಸಿದರು. ಐದು ಪ್ರಬಂಧಗಳನ್ನು ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದಾಗ ಮದ್ರಾಸು ವಿಶ್ವವಿದ್ಯಾಲಯ ಎಂ.ಎಸ್ಸಿ. ಪದವಿ ಇಲ್ಲವೆಂದು ಡಾಕ್ಟರೇಟ್ ಕೊಡಲಿಲ್ಲ. ಪದವಿ ಪಡೆಯದ ಆ ಪ್ರಬಂಧ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯವನ್ನು ಸೇರಿತು. ಇದು ಕಣ್ಣೀರಿನ ಕಥೆಯಾಗಿ ಮುಗಿಯುವುದಿಲ್ಲ. ಅನ್ನಾ ಹವಾಮಾನ ಇಲಾಖೆ ಸೇರಿ, ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದು ಮಾನಕಕ್ಕೆ ತಂದರು. ದೇಶದಾದ್ಯಂತ ಸೂರ್ಯನ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಅವರು ಸಿದ್ಧಪಡಿಸಿದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ 1980ರಲ್ಲಿ ಪ್ರಕಟವಾಯಿತು. ಇಂದು ನಾವು ಸೌರವಿದ್ಯುತ್ತಿನ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತೇವೆ. ಆ ಬಿಸಿಲನ್ನು ಮೊದಲು ಅಳೆದು ಬರೆದಿಟ್ಟವರಲ್ಲಿ ಈಕೆಯೂ ಒಬ್ಬರೆಂದು ನೆನೆಯುತ್ತೇವೆಯೇ?

ನಂಜನಗೂಡಿನ ವಕೀಲರ ಮಗಳು ರಾಜೇಶ್ವರಿ ಚಟರ್ಜಿಯವರ ಮಾತೂ ಇದೇ. ‘ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರ್’ ಎಂಬಲ್ಲಿಗೆ ಪೂರ್ಣವಿರಾಮ. 1953ರಲ್ಲಿ ಮಿಷಿಗನ್‌ನಿಂದ ಡಾಕ್ಟರೇಟ್‌ನೊಂದಿಗೆ ಮರಳಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದ್ದು, ಆಂಟೆನಾಗಳ ಬಗ್ಗೆ ಗ್ರಂಥಗಳನ್ನು ಬರೆದದ್ದು, 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದ್ದು ಪಟ್ಟಿಯ ಹೊರಗೇ ಉಳಿಯುತ್ತದೆ.

ಉರ್ದುವಿನಲ್ಲಿ ‘ತಝ್ಕಿರಾ’ ಎಂಬ ಹಳೆಯ ಪ್ರಕಾರವೊಂದಿದೆ. ಕವಿಯ ಊರು, ಉಸ್ತಾದ್, ಸ್ವಭಾವ ಇವನ್ನು ನಾಲ್ಕು ಸಾಲಿನಲ್ಲಿ ಹೇಳಿ, ಕೂಡಲೇ ಕವಿಯ ಕಲಾಮಿನ ಮಾದರಿಯನ್ನು ಓದುಗನ ಮುಂದಿಡುವುದು ಅದರ ರೀತಿ. 1864ರಲ್ಲಿ ಹಕೀಮ್ ಫಸೀಹುದ್ದೀನ್ ರಂಜ್ ಕವಯಿತ್ರಿಯರಿಗೆಂದೇ ‘ಬಹಾರಿಸ್ತಾನೆ ನಾಝ್’ ಎಂಬ ತಝ್ಕಿರಾ ರಚಿಸಿದರು. ಆ ಪ್ರಕಾರದಲ್ಲಿ ಅತಿಶಯೋಕ್ತಿ, ಗಾಳಿಮಾತುಗಳಿಗೆ ಬರವಿಲ್ಲ. ಆದರೂ ಒಂದು ಮರ್ಯಾದೆಯಿತ್ತು: ವ್ಯಕ್ತಿಯನ್ನು ಆಕೆಯ ಕೃತಿಯಿಲ್ಲದೆ ಪರಿಚಯಿಸುವಂತಿಲ್ಲ. ನಮ್ಮ ಇಂದಿನ ಸಾಧಕಿ ಸಾಹಿತ್ಯ ಆ ಎರಡನೆಯ ಭಾಗವನ್ನೇ ಕತ್ತರಿಸಿ ಎಸೆದಿದೆ.

ಬೇರೆ ರೀತಿ ಬರೆಯಲು ಸಾಧ್ಯವಿಲ್ಲವೇ? ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಪ್ರಕಟಿಸಿದ, ರೋಹಿಣಿ ಗೋಡ್ಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ ‘ಲೀಲಾವತೀಸ್ ಡಾಟರ್ಸ್’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ನೂರರಷ್ಟು ವಿಜ್ಞಾನಿ ಮಹಿಳೆಯರಿದ್ದಾರೆ. ಅನೇಕರು ತಮ್ಮ ಬಗ್ಗೆ ತಾವೇ ಬರೆದಿದ್ದಾರೆ. ಯಾವ ಪ್ರಶ್ನೆ ತಮ್ಮನ್ನು ವಿಜ್ಞಾನದತ್ತ ಸೆಳೆಯಿತು ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಅಭಾ ಸುರ್ ಅವರ ‘ಡಿಸ್ಪರ್ಸ್ಡ್ ರೇಡಿಯನ್ಸ್’ 2011ರಲ್ಲಿ ಬಂತು. ರಾಮನ್ ಪ್ರಯೋಗಾಲಯದ ಹೆಣ್ಣುಮಕ್ಕಳ ಸಂಶೋಧನೆಯನ್ನೂ, ಅಲ್ಲಿನ ಜಾತಿ–ಲಿಂಗ ತಾರತಮ್ಯವನ್ನೂ ಒಟ್ಟಿಗೇ ಇಟ್ಟು ನೋಡುವುದು ಅದರ ಬಲ. ಅವಮಾನವನ್ನು ಮರೆಯದೆ ಕೆಲಸವನ್ನು ಹೇಳಬಹುದೆಂಬುದಕ್ಕೆ ಇವು ಸಾಕ್ಷಿ.

ಇದು ಬರವಣಿಗೆಯ ಶೈಲಿಯ ಪ್ರಶ್ನೆ ಮಾತ್ರವಲ್ಲ. ಆರ್.ಟಿ. ನಗರದ ಅಥವಾ ಯಲಹಂಕದ ಒಬ್ಬ ಹುಡುಗಿ ಇಂತಹ ಲೇಖನ ಓದುತ್ತಾಳೆ ಎಂದಿಟ್ಟುಕೊಳ್ಳಿ. ಬಾಗಿಲು ಮುಚ್ಚಿತ್ತು, ತಟ್ಟಿದರೆ ತೆರೆಯಿತು ಎಂದಷ್ಟೇ ಅವಳಿಗೆ ತಿಳಿಯುತ್ತದೆ. ಒಳಗೆ ಏನಿತ್ತು, ಅದಕ್ಕಾಗಿ ಅಷ್ಟು ತಟ್ಟಬೇಕಾಗಿತ್ತೇ ಎಂಬುದು ತಿಳಿಯುವುದಿಲ್ಲ. ಸಹಿಸುವುದನ್ನು ನಮ್ಮ ಸಮಾಜ ಹೆಣ್ಣುಮಕ್ಕಳಿಗೆ ಈಗಾಗಲೇ ಬೇಕಾದಷ್ಟು ಕಲಿಸಿದೆ. ಸಾಧಕಿಯರ ಹೆಸರಿನಲ್ಲೂ ಅದೇ ಪಾಠ ಬೇಕೇ? ಬೇಳೆಕಾಳು, ಬಿಸಿಲು, ಆಂಟೆನಾ ಇವುಗಳ ಬಗ್ಗೆ ಕುತೂಹಲ ಹುಟ್ಟಿಸಿದರೆ, ಬಾಗಿಲು ತಟ್ಟಲು ಕಾರಣ ಅವಳಿಗೇ ಸಿಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಬರೆಯುವವರು ಪ್ರಶಸ್ತಿಯ ಒಂದು ಸಾಲು ಕಡಿಮೆ ಮಾಡಿ, ಆ ಜಾಗದಲ್ಲಿ ಆಕೆ ಮಾಡಿದ್ದೇನು ಎಂದು ಬರೆಯಲಿ.