ಮೊದಲು ಮನೆಯೋ, ಮೊದಲು ಚೆಂದವೋ

ಹೊಸ ಮನೆ ಕಟ್ಟಲು ಬಿಡಿ ಎಂದು ಹೋರಾಡುವವರೆಲ್ಲ ದೂರದಿಂದ ಒಂದೇ ಪಕ್ಷದಂತೆ ಕಾಣುತ್ತಾರೆ. ಬಾಡಿಗೆ ಕೈಗೆಟುಕುತ್ತಿಲ್ಲ, ನಗರದಲ್ಲಿ ಮನೆಗಳು ಸಾಲುತ್ತಿಲ್ಲ ಎಂಬಲ್ಲಿಯವರೆಗೆ ತಕರಾರಿಲ್ಲ. ಕಟ್ಟಿದ ಮನೆ ಕಣ್ಣಿಗೆ ಹೇಗಿರಬೇಕು ಎಂಬ ಮಾತು ಬಂದ ಕೂಡಲೇ ಪಕ್ಷ ಒಡೆಯುತ್ತದೆ. ಒಡೆದ ಎರಡು ಹೋಳುಗಳಲ್ಲಿ ಒಂದರ ತವರು ಸ್ಯಾನ್ ಫ್ರಾನ್ಸಿಸ್ಕೊ, ಇನ್ನೊಂದರದು ಲಂಡನ್.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೋನ್ಯಾ ಟ್ರಾಸ್ 2014ರಲ್ಲಿ ಬಾಡಿಗೆದಾರರ ಗುಂಪೊಂದನ್ನು ಕಟ್ಟಿದರು. ಯಾರು ಕಟ್ಟುತ್ತಾರೆ, ಹೇಗೆ ಕಾಣುತ್ತದೆ ಎಂದು ಕೇಳದೆ ಹೊಸ ಮನೆಗಳ ಯೋಜನೆಗಳನ್ನು ಬೆಂಬಲಿಸುವುದು ಆ ಗುಂಪಿನ ವೈಖರಿ. ಆ ಊರಿನಲ್ಲಿ ಸೌಂದರ್ಯ ಎನ್ನುವುದು ಬಹುಕಾಲದಿಂದ ತಡೆಯಾಜ್ಞೆಯ ಇನ್ನೊಂದು ಹೆಸರು. ‘ಬಡಾವಣೆಯ ಚಹರೆಗೆ ಹೊಂದುವುದಿಲ್ಲ’ ಎಂಬ ಒಂದೇ ಮಾತಿಗೆ ಕಟ್ಟಡಗಳು ವರ್ಷಗಟ್ಟಲೆ ನಿಂತುಬಿಡುತ್ತಿದ್ದವು. ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟರ್ ಆಗಿದ್ದ ಸ್ಕಾಟ್ ವೀನರ್ 2017ರಲ್ಲಿ ಮಂಡಿಸಿ ಗೆಲ್ಲಿಸಿಕೊಂಡ ಕಾನೂನು ಈ ಮಾತಿನ ಹಲ್ಲನ್ನೇ ಕಿತ್ತಿತು. ವಸತಿ ಗುರಿ ತಲುಪದ ಊರುಗಳು ಎತ್ತರ, ಬಿಡಬೇಕಾದ ಜಾಗದಂಥ ಅಳೆಯಬಹುದಾದ ನಿಯಮಗಳನ್ನಷ್ಟೇ ನೋಡಿ, ಅವು ಸರಿಯಿದ್ದರೆ ಪರವಾನಗಿ ಕೊಡಲೇಬೇಕು. ರುಚಿಯನ್ನು ಅಧಿಕಾರದ ಕುರ್ಚಿಯಿಂದ ಇಳಿಸಿದ ಈ ಕೆಲಸ ನನಗೆ ಮೆಚ್ಚಿಗೆ.

ಆದರೆ ರುಚಿ ಹೇಗೂ ಬದಲಾಗುತ್ತದೆ, ಅದಕ್ಕೆ ಬೆಲೆ ಕೊಡಬೇಕಿಲ್ಲ ಎಂದು ಅದರ ಬೆನ್ನಿಗೆ ಬರುವ ತರ್ಕ ಸಡಿಲ. ಈಗ ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಅಲ್ಲಿನ ವಿಕ್ಟೋರಿಯನ್ ಮನೆಗಳ ಮರದ ಕುಸುರಿ ಬಹುಪಾಲು ಕಾರ್ಖಾನೆಯ ಸರಕು. 20ನೆಯ ಶತಮಾನದ ನಡುವಿನಲ್ಲಿ ಅಂಥವೇ ಮನೆಗಳನ್ನು ‘ಪುನರಭಿವೃದ್ಧಿ’ಯ ಹೆಸರಿನಲ್ಲಿ ವೆಸ್ಟರ್ನ್ ಅಡಿಷನ್ ಬಡಾವಣೆಯಲ್ಲಿ ಸಾಲುಸಾಲಾಗಿ ಕೆಡವಿದರು. ರುಚಿ ಬದಲಾಗುತ್ತದೆ, ನಿಜ. ಹಾಗೆಂದು ರುಚಿಗೆ ಬೆಲೆಯೇ ಇಲ್ಲ ಎನ್ನಲಾದೀತೆ? ನೂರು ವರ್ಷ ಎದುರುಗಡೆ ನಿಲ್ಲುವ ಗೋಡೆಯ ಬಗ್ಗೆ ಮಾತಾಡುವ ಹಕ್ಕು ದಾರಿಹೋಕನಿಗೂ ಇದೆ.

ಲಂಡನ್ನಿನ ಬಣ ಈ ದಾರಿಹೋಕನಿಂದಲೇ ಹೊರಡುತ್ತದೆ. ‘ಕ್ರಿಯೇಟ್ ಸ್ಟ್ರೀಟ್ಸ್’ ಕಟ್ಟಿದ ನಿಕೊಲಸ್ ಬಾಯ್ಸ್ ಸ್ಮಿತ್ ಮತ್ತು ತತ್ವಶಾಸ್ತ್ರಜ್ಞ ರೋಜರ್ ಸ್ಕ್ರೂಟನ್ ಜೊತೆಯಾಗಿ ಮುನ್ನಡೆಸಿದ ಸರ್ಕಾರಿ ಆಯೋಗ 2020ರ ಜನವರಿಯಲ್ಲಿ ವರದಿ ಕೊಟ್ಟಿತು. ಜನ ವಿರೋಧಿಸುವುದು ಮನೆಯನ್ನಲ್ಲ, ಕುರೂಪವನ್ನು. ಹಳೆಯ ಬೀದಿಗಳಂಥ ಬೀದಿ ಕೊಟ್ಟರೆ ಅವರೇ ಒಪ್ಪುತ್ತಾರೆ ಎಂಬುದು ಈ ಬಣದ ನಂಬಿಕೆ. ಇದೇ ಬಣದ ಬರಹಗಾರ ಸ್ಯಾಮ್ಯುಯೆಲ್ ಹ್ಯೂಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಲಂಕಾರ ಸತ್ತದ್ದು ದುಬಾರಿಯಾಗಿ ಅಲ್ಲ, ಯಂತ್ರಗಳು ಅದನ್ನು ಅಗ್ಗವಾಗಿಸಿದ ಮೇಲೂ ವಾಸ್ತುಶಿಲ್ಪಿಗಳೇ ಬೇಡವೆಂದರು ಎಂದು ವಾದಿಸಿದ್ದಾರೆ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಮೊದಲಿನ ನಂಬಿಕೆ ಮಾತ್ರ ಅಷ್ಟು ಗಟ್ಟಿಯಿಲ್ಲ. ಬಸ್ಸು ತುಂಬುತ್ತದೆ, ಶಾಲೆಯಲ್ಲಿ ಸೀಟು ಸಿಗುವುದಿಲ್ಲ ಎಂದು ಅಡ್ಡ ನಿಲ್ಲುವವರಿಗೆ ಗೋಡೆಯ ಮೇಲಿನ ಕೆತ್ತನೆ ಯಾವ ಸಮಾಧಾನ ಹೇಳೀತು? ಹಳೆಯ ಬೀದಿಗಳ ಮಾದರಿಯಲ್ಲಿ ವಾಸ್ತುಶಿಲ್ಪಿ ಲಿಯೊನ್ ಕ್ರಿಯೆರ್ ಯೋಜಿಸಿದ ಇಂಗ್ಲೆಂಡಿನ ಪೌಂಡ್‌ಬರಿ ಬಡಾವಣೆಯ ಕೆಲಸ 1993ರಲ್ಲಿ ಶುರುವಾಗಿ ಮೂವತ್ತು ವರ್ಷ ದಾಟಿತು. ಭೂಮಿಯ ಒಡೆಯ ಯುವರಾಜನಾಗಿದ್ದರಿಂದ ಆ ತಾಳ್ಮೆ ಸಾಧ್ಯವಾಯಿತು. ಸಾಲ ತಂದು ಕಟ್ಟುವವನಿಗೆ ಅದೆಲ್ಲಿಂದ ಬರಬೇಕು? ಮೇಲಾಗಿ ವಾಸ್ತುಶಿಲ್ಪಕ್ಕೆ ಕೊಡುವ 2019ರ ಸ್ಟರ್ಲಿಂಗ್ ಪ್ರಶಸ್ತಿ ಪಡೆದದ್ದು ನಾರಿಚ್ ನಗರಸಭೆಯ ಬಾಡಿಗೆ ಮನೆಗಳ ಸಾಲು, ಗೋಲ್ಡ್‌ಸ್ಮಿತ್ ಸ್ಟ್ರೀಟ್. ಹಳೆಯ ಬೀದಿಯ ಅಳತೆ ಅಲ್ಲಿದೆ, ಹಳೆಯ ಅಲಂಕಾರ ಇಲ್ಲ.

ಎರಡೂ ಬಣಗಳು ಮುಂಭಾಗದ ಗೋಡೆಯನ್ನೇ ದಿಟ್ಟಿಸುತ್ತಿವೆ ಎಂಬುದು ನನ್ನ ಆಕ್ಷೇಪ. ಅಮೆರಿಕದ ಊರೂರಿನಲ್ಲಿ ಎದ್ದಿರುವ ಆ ಒಂದೇ ಅಚ್ಚಿನ ಅಪಾರ್ಟ್‌ಮೆಂಟುಗಳನ್ನು ನೋಡಿ: ಕೆಳಗೆ ಕಾಂಕ್ರೀಟು, ಮೇಲೆ ನಾಲ್ಕೈದು ಮಹಡಿ ಮರದ ಚೌಕಟ್ಟು. ಮೂರು ಮಹಡಿ ಮೀರಿದರೆ ಎರಡು ಮೆಟ್ಟಿಲುದಾರಿ ಬೇಕೆಂದು ಅಲ್ಲಿನ ಬಹುತೇಕ ಊರುಗಳ ನಿಯಮ. ಎರಡನ್ನೂ ಜೋಡಿಸಲು ನಡುವೆ ಉದ್ದನೆಯ ಓಣಿ, ಓಣಿಯ ಎರಡೂ ಬದಿಗೆ ಮನೆ, ಮನೆಗೆ ಒಂದೇ ಕಡೆ ಕಿಟಕಿ. ಇಂಥ ದಢೂತಿ ಕಟ್ಟಡ ಕಿರಿದಾದ ಸೈಟಿನಲ್ಲಿ ಕೂರುವುದಿಲ್ಲ. ಹಲವು ಸೈಟು ಕೂಡಿಸಲೇಬೇಕು. ಆಮೇಲೆ ವಿನ್ಯಾಸ ಪರಿಶೀಲನಾ ಮಂಡಳಿ ಬಂದು ‘ಗಾತ್ರ ಒಡೆದು ತೋರಿಸಿ’ ಎನ್ನುತ್ತದೆ. ವಾಸ್ತುಶಿಲ್ಪಿ ಗೋಡೆಯನ್ನು ಅಲ್ಲಿಷ್ಟು ಹಿಂದೆ, ಇಲ್ಲಿಷ್ಟು ಮುಂದೆ ತಳ್ಳಿ, ಮೂರು ಬಣ್ಣದ ಹಲಗೆಗಳ ತೇಪೆ ಹಾಕುತ್ತಾನೆ. ಜನ ಮೂಗು ಮುರಿಯುವ ಆ ರೂಪದಲ್ಲಿ ಚೆಂದ ಕಾಯಲು ಕುಳಿತವರ ಪಾಲೂ ಇದೆ.

ಆದರೆ ಸಿಯಾಟಲ್‌ನಲ್ಲಿ, ಬೆಂಕಿ ನಂದಿಸುವ ತುಂತುರು ವ್ಯವಸ್ಥೆಯಂಥ ಷರತ್ತುಗಳ ಮೇಲೆ, ಆರು ಮಹಡಿಯವರೆಗೆ ಒಂದೇ ಮೆಟ್ಟಿಲುದಾರಿಗೆ ದಶಕಗಳಿಂದ ಅವಕಾಶವಿದೆ. ತೆಳ್ಳಗಿನ ಕಟ್ಟಡ, ಎರಡು ಕಡೆ ಗಾಳಿ, ಒಂದೇ ಸೈಟಿನಲ್ಲಿ ಮುಗಿಯುವ ಕೆಲಸ. ಈ ಸುಧಾರಣೆಗಾಗಿ ಓಡಾಡುವವರು ಸೌಂದರ್ಯದ ಹೆಸರೆತ್ತುವುದು ಅಪರೂಪ; ಅದಕ್ಕೆ ಅತಿ ಹೆಚ್ಚು ನೆರವಾಗುತ್ತಿರುವವರು ಅವರೇ ಎಂದು ನನಗನ್ನಿಸುತ್ತದೆ. ಲಂಡನ್ನಿನ 1774ರ ಕಟ್ಟಡ ಕಾಯ್ದೆಯ ಕಥೆಯೂ ಇಂಥದ್ದೇ. ಬೆಂಕಿಯ ಭಯದಿಂದ ಅದು ಮನೆಗಳನ್ನು ದರ್ಜೆಗಳಾಗಿ ವಿಂಗಡಿಸಿ ಗೋಡೆಯ ದಪ್ಪ ನಿಗದಿ ಮಾಡಿತು. ಚೆಂದ ಅದರ ಗುರಿಯಾಗಿರಲಿಲ್ಲ. ಆ ಕಾಲದಲ್ಲಿ ಎದ್ದ ಗೋವರ್ ಸ್ಟ್ರೀಟನ್ನು ಮುಂದೆ ಕಲಾವಿಮರ್ಶಕ ರಸ್ಕಿನ್ ಹಳಿದ. ಇಂದಿನ ಚೆಲುವುವಾದಿಗಳಿಗೆ ಅಂಥ ಬೀದಿಗಳೇ ಆದರ್ಶ.

15 ಲಕ್ಷ ಮನೆಗಳ ಗುರಿ ಹೊತ್ತ ಬ್ರಿಟನ್ನಿನ ಲೇಬರ್ ಸರ್ಕಾರ 2024ರ ಡಿಸೆಂಬರಿನಲ್ಲಿ, ಹಿಂದಿನವರು ಯೋಜನಾ ನೀತಿಯೊಳಗೆ ತುಂಬಿದ್ದ ‘ಸುಂದರ’ ಎಂಬ ಮಾತನ್ನು ಹಲವು ಕಡೆ ತೆಗೆದುಹಾಕಿತು. ಒಂದು ಬಣ ಕೆರಳಿತು, ಇನ್ನೊಂದು ನೆಮ್ಮದಿಯ ನಿಟ್ಟುಸಿರು ಬಿಟ್ಟಿತು. ಇಂಗ್ಲೆಂಡಿನ ಎತ್ತರದ ಮನೆಗಳ ರೂಪವನ್ನು ಬದಲಿಸಲಿರುವ ನಿಯಮ ಬೇರೆಯೇ ಬಾಗಿಲಿನಿಂದ ಬಂದಿದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ವಸತಿ ಗೋಪುರಕ್ಕೆ ಬಿದ್ದ ಬೆಂಕಿಯ ಸಾವುನೋವು ಅದರ ಹಿಂದಿದೆ, ಆದ್ದರಿಂದ ವಿರೋಧಿಸುವುದೂ ಸುಲಭವಲ್ಲ: 18 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದ ಹೊಸ ವಸತಿ ಕಟ್ಟಡಗಳಿಗೆ 2026ರ ಸೆಪ್ಟೆಂಬರ್ 30ರಿಂದ ಎರಡನೆಯ ಮೆಟ್ಟಿಲುದಾರಿ ಕಡ್ಡಾಯ.