ಚೌಕ ಆವರಣದೊಳಗಿನ ಪೌರತ್ವ: ಅಥೆನ್ಸಿನ ಒಂದು ತ್ರುಟಿತ ಶಾಸನ

ಪ್ರಜಾಪ್ರಭುತ್ವಕ್ಕಾಗಿ ಕಾದಿದ ಪರಊರಿನವರಿಗೆ ಅಥೆನ್ಸ್ ಪೌರತ್ವ ಕೊಟ್ಟಿತು ಅನ್ನೋ ಮಾತಿಗೆ ಕ್ರಿ.ಪೂ. 401-400ರ ಒಂದು ಶಾಸನವನ್ನು ಆಧಾರವಾಗಿ ತೋರಿಸುವುದುಂಟು. ಮಾತು ಕೇಳೋಕೇನೋ ಚೆನ್ನಾಗಿದೆ. ಆದರೆ ಕಲ್ಲು ಅಷ್ಟು ಹೇಳುತ್ತದೆಯೇ?

ಮೊದಲು ಹಿನ್ನೆಲೆ ನೋಡೋಣ. ಕ್ರಿ.ಪೂ. 404ರಲ್ಲಿ ಸ್ಪಾರ್ಟಾಕ್ಕೆ ಸೋತ ಮೇಲೆ ಅಥೆನ್ಸಿನಲ್ಲಿ 'ಮೂವತ್ತು ಮಂದಿ'ಯ ದಬ್ಬಾಳಿಕೆ ಶುರುವಾಯಿತು. ಥ್ರಾಸಿಬುಲಸ್ ಸುಮಾರು 70 ಜನರೊಂದಿಗೆ ಫೈಲೆ ಕೋಟೆ ಹಿಡಿದ. ಬಲ ಹೆಚ್ಚಿದ ಮೇಲೆ ಪಿರೇಯಸ್ ಬಂದರಿಗೆ ಇಳಿದು ಮುನಿಖಿಯಾ ಗುಡ್ಡದ ಕಾಳಗ ಗೆದ್ದ. 403ರಲ್ಲಿ ಜನಸಭೆಯ ಆಳ್ವಿಕೆ ಮರಳಿತು.

ಅವನ ಜೊತೆ ನಿಂತವರಲ್ಲಿ ಪೌರರಲ್ಲದವರೂ ಇದ್ದರು. ಪೆರಿಕ್ಲಿಸ್ ಕಾಲದ 451ರ ಕಾನೂನಿನಂತೆ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ. ಊರಲ್ಲೇ ನೆಲೆಸಿದ ಹೊರಗಿನವರು, ಅಂದರೆ 'ಮೆಟಿಕ್'ಗಳು, ವರ್ಷಕ್ಕೆ 12 ದ್ರಾಖ್ಮ ತೆರಿಗೆ ಕಟ್ಟಬೇಕು, ಯುದ್ಧಕ್ಕೂ ಹೋಗಬೇಕು. ಸಭೆಯಲ್ಲಿ ಮಾತ್ರ ಮತವಿಲ್ಲ. ಪಿರೇಯಸ್ಸಿನಿಂದ ತನ್ನ ಜೊತೆ ಬಂದವರಿಗೆಲ್ಲ ಪೌರತ್ವ ಕೊಡಿ ಎಂದು ಥ್ರಾಸಿಬುಲಸ್ ಸೂಚಿಸಿದ. ಆರ್ಖಿನಸ್ ಅದು ಕಾನೂನುಬಾಹಿರವೆಂದು ದಾವೆ ಹೂಡಿ ತಡೆದ. ಆ ಗುಂಪಿನಲ್ಲಿ ಕೆಲವರು ಗುಲಾಮರೆಂಬುದು ಎದ್ದು ಕಾಣುತ್ತಿತ್ತಂತೆ. ಅರಿಸ್ಟಾಟಲ್ ಪಂಥದ 'ಅಥೇನಿಯನ್ನರ ಸಂವಿಧಾನ' ಹೇಳುವ ಸಂಗತಿ ಇದು.

ನಮ್ಮ ಶಾಸನ ಹುಟ್ಟಿದ್ದು ಇದಾದ ಮೇಲೆ. ಫೈಲೆಯಿಂದ ಇಳಿದು ಬಂದವರು, ಮುನಿಖಿಯಾದಲ್ಲಿ ಕಾದಿದವರು, ಪಿರೇಯಸ್ಸಿನಲ್ಲಿ ಜೊತೆಗೆ ಉಳಿದವರು ಎಂದು ಅದು ವಿಂಗಡಿಸುತ್ತದೆ. ಆದರೆ ಅವರಿಗೆ ಕೊಟ್ಟದ್ದೇನು ಎಂದು ಹೇಳುವ ಜಾಗದಲ್ಲೇ ಕಲ್ಲು ಒಡೆದಿದೆ! 'ಪೌರತ್ವ' ಅನ್ನುವ ಪದವನ್ನು ಸಂಪಾದಕರು ಚೌಕ ಆವರಣದಲ್ಲಿ ತುಂಬಿದ್ದಾರೆ. ಫೈಲೆಯವರಿಗೆ ಮಾತ್ರ ಪೌರತ್ವ, ಉಳಿದವರಿಗೆ ಪೌರರಷ್ಟೇ ತೆರಿಗೆ ಎಂಬುದು ಕೆಲವು ವಿದ್ವಾಂಸರ ಓದು. ಯಾರಿಗೂ ಪೌರತ್ವ ಸಿಗಲಿಲ್ಲ, ಎಲ್ಲರಿಗೂ ತೆರಿಗೆ ಸಮಾನತೆ ಮಾತ್ರ ಅನ್ನುವವರೂ ಇದ್ದಾರೆ. ಪೂರಣ ಊಹೆಯೇ ಹೊರತು ಸಾಕ್ಷ್ಯವಲ್ಲ. ಆವರಣ ತೆಗೆದುಹಾಕಿ ಉಲ್ಲೇಖಿಸಿದರೆ ಅದು ಸಂಪಾದಕರ ಮಾತು, ಅಥೆನ್ಸಿನದಲ್ಲ.

ಹಾಗಾದರೆ ಉಳಿದ ಅಕ್ಷರಗಳು ಏನನ್ನುತ್ತವೆ? ಅಲ್ಲಿರುವುದು ಹೆಸರಿನ ಪಟ್ಟಿ. ಹೆಸರಿನ ಪಕ್ಕದಲ್ಲಿ ಕಸುಬು: ರೈತ, ಅಡುಗೆಯವ, ಬಡಗಿ, ಹೇಸರಗತ್ತೆ ಹೊಡೆಯುವವ, ತರಕಾರಿ ಮಾರುವವ. ಅಥೆನ್ಸಿನ ಪೌರನನ್ನು ಗುರುತಿಸುತ್ತಿದ್ದುದು ತಂದೆಯ ಹೆಸರು ಮತ್ತು 'ಡೀಮ್', ಅಂದರೆ ಅವನು ಸೇರಿದ ಗ್ರಾಮಘಟಕ, ಇವುಗಳಿಂದ. ಇವರಿಗೆ ಅವೆರಡೂ ಇಲ್ಲ. ಹಾಗಂತ ಹೊರಗಿನವರೇ ಎಂದು ತೀರ್ಮಾನಿಸೋಣವೆಂದರೆ, ಪೌರರನ್ನು ಹಂಚುವ 'ಬುಡಕಟ್ಟು'ಗಳ ಶೀರ್ಷಿಕೆಯಡಿಯಲ್ಲೇ ಈ ಹೆಸರುಗಳಿವೆ. ಪೌರತ್ವ ಸಿಕ್ಕಿತೆನ್ನುವವರ ಗಟ್ಟಿ ವಾದ ಅದೇ.

ಹಾಗಾಗಿ ಅಥೆನ್ಸನ್ನು ಉದಾರಿ ಎಂದು ಹೊಗಳೋಕೂ, ಕೃತಘ್ನ ಎಂದು ತೆಗಳೋಕೂ ಈ ಕಲ್ಲೊಂದೇ ಸಾಲದು. ಅದು ಖಚಿತವಾಗಿ ಹೇಳುವುದು ಒಂದೇ: ತಮಗೆ ಮತವಿಲ್ಲದ ಸಭೆಯನ್ನು ಮರಳಿ ತರಲು ತರಕಾರಿ ಮಾರುವವನೂ ಅಡುಗೆಯವನೂ ಪ್ರಾಣ ಪಣಕ್ಕಿಟ್ಟರು. ಅವರ ಹೆಸರುಗಳಿಗೆ ಆವರಣ ಬೇಕಿಲ್ಲ.